ಮಣಿ ಹೊದ್ದ ಹೃದಯ, ಹೊಲಿಯದೆ ಉಳಿದ ಕೈ

ರಿಂಗಿಗೆ ಬಿಗಿದ ಬಿಳಿ ಬಟ್ಟೆ, ನಡುವೆ ಕೆಂಪು ದಾರದ ಹೃದಯ, ಅದರ ಮೇಲೆ ನೀಲಿ ಮಣಿ ಪೋಣಿಸಿದ ರಕ್ತನಾಳ. ದೇಹದ ಒಳಭಾಗಗಳನ್ನು ಕಸೂತಿ ಮಾಡುವ ಹವ್ಯಾಸ ಈಗ ಎಲ್ಲೆಡೆ ಹಬ್ಬಿದೆ. ಕೋಲ್ಕತ್ತದ ಸೆಕ್ಟರ್ ಫೈವ್‌ನಲ್ಲಿ ನಾನು ಕೆಲಸ ಮಾಡುವ ಕಚೇರಿಯಲ್ಲೂ ಸಹೋದ್ಯೋಗಿಯೊಬ್ಬರ ಕಂಪ್ಯೂಟರಿನ ಪಕ್ಕ ಇಂಥದ್ದೊಂದು ಹೃದಯ ನಿಂತಿದೆ. ಹೃದಯವಲ್ಲದೆ ಶ್ವಾಸಕೋಶ, ಮಿದುಳು, ಗರ್ಭಕೋಶ, ಬೆನ್ನುಮೂಳೆಗಳನ್ನೂ ಜನ ಹೊಲಿಯುತ್ತಿದ್ದಾರೆ. ಈ ಕಲೆ ನನಗೆ ಬಹಳ ಇಷ್ಟ. ಇಷ್ಟವಾದ್ದರಿಂದಲೇ ತಕರಾರು ಕೂಡ. ಇಲ್ಲಿಯವರೆಗೆ ನಾನು ನೋಡಿದ ಕೆಲಸಗಳಲ್ಲಿ ಬಹುಪಾಲು ದೇಹವನ್ನು ಸಿಂಗರಿಸುತ್ತವೆ. ದೇಹ ಹೇಗೆ ಕೆಲಸ ಮಾಡುತ್ತದೆಂದು ತಿಳಿಯುವ ಗೋಜಿಗೆ ಹೋಗುವುದಿಲ್ಲ.

ಸೂಜಿಗೂ ದೇಹಕ್ಕೂ ಇರುವ ನಂಟು ಹಳೆಯದು. ಸುಶ್ರುತ ಸಂಹಿತೆಯಲ್ಲಿ ಶಸ್ತ್ರವೈದ್ಯ ಕಲಿಯುವವನು ಹೊಲಿಗೆಯನ್ನು ಅಭ್ಯಾಸ ಮಾಡಬೇಕಾದದ್ದು ತೆಳು ಬಟ್ಟೆ, ದಪ್ಪ ಬಟ್ಟೆ ಮತ್ತು ಮೆದು ಚರ್ಮದ ಅಂಚುಗಳ ಮೇಲೆ. 1894ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೊ ಲಿಯೋನ್ ನಗರದಲ್ಲಿ ಇರಿತಕ್ಕೊಳಗಾಗಿ ಸತ್ತರು. ತುಂಡಾದ ರಕ್ತನಾಳವನ್ನು ಹೊಲಿಯುವ ವಿದ್ಯೆ ಆಗಿನ ವೈದ್ಯರಿಗೆ ಗೊತ್ತಿರಲಿಲ್ಲ. ಅದೇ ಊರಿನ ತರುಣ ವೈದ್ಯ ಅಲೆಕ್ಸಿ ಕರೆಲ್ ಹೋಗಿ ಕಲಿತದ್ದು ಕಸೂತಿಯಲ್ಲಿ ಪಳಗಿದ್ದ ಮದಾಮ್ ಲೆರೂದಿಯೆ ಎಂಬಾಕೆಯ ಬಳಿ. ಸಪೂರ ಸೂಜಿ, ವ್ಯಾಸಲಿನ್ ಸವರಿದ ರೇಷ್ಮೆ ಎಳೆ. ನಾಳದ ದುಂಡು ಬಾಯಿಯ ಮೂರು ಕಡೆ ದಾರ ಹಾಕಿ ಎಳೆದರೆ ಅದು ತ್ರಿಕೋನವಾಗುತ್ತದೆ. ಆಮೇಲೆ ಮೂರು ನೇರ ಅಂಚುಗಳನ್ನು ಹೊಲಿದರಾಯಿತು. ಈ ಕೆಲಸಕ್ಕೆ 1912ರಲ್ಲಿ ಕರೆಲ್‌ಗೆ ನೊಬೆಲ್ ಬಂತು. ಸೂಜಿ ಹಿಡಿದ ಹೆಣ್ಣುಮಗಳೊಬ್ಬಳ ಕೈಯ ತಿಳಿವು ಶಸ್ತ್ರವೈದ್ಯಕ್ಕೆ ಇಷ್ಟು ಕೊಟ್ಟಿರುವಾಗ, ದೇಹವನ್ನೇ ವಸ್ತುವಾಗಿ ಆರಿಸಿಕೊಂಡ ಕಸೂತಿಯಿಂದ ನಾವು ಅಂದಚಂದಕ್ಕಿಂತ ಹೆಚ್ಚಿನದನ್ನು ಕೇಳಬಹುದು.

ದಾರಕ್ಕೆ ಆ ಶಕ್ತಿ ಇದೆ. ಸ್ನಾಯು ಎಂದರೆ ಎಳೆಗಳ ಕಟ್ಟು. ಲಾಂಗ್ ಅಂಡ್ ಶಾರ್ಟ್ ಹೊಲಿಗೆಯಲ್ಲಿ ಎಳೆಗಳ ದಿಕ್ಕು ಸರಿಯಾಗಿ ಕೂತರೆ ಸ್ನಾಯು ಯಾವ ಕಡೆಗೆ ಸೆಳೆಯುತ್ತದೆಂಬುದು ಬಟ್ಟೆಯ ಮೇಲೆಯೇ ಕಾಣುತ್ತದೆ. ಹೃದಯದ ಸ್ನಾಯು ತುದಿಯ ಕಡೆಗೆ ಸುತ್ತಿಕೊಂಡು ಇಳಿಯುತ್ತದೆ. ಅದಕ್ಕೇ ಹೃದಯ ಬಡಿಯುವಾಗ ಬರೀ ಕುಗ್ಗುವುದಿಲ್ಲ, ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಆದರೆ ನಾನು ನೋಡಿದ ಹೃದಯಗಳಲ್ಲಿ ಹೆಚ್ಚಿನವು ಅಡ್ಡಡ್ಡ ಸ್ಯಾಟಿನ್ ಹೊಲಿಗೆ ತುಂಬಿದ ಕೆಂಪು ತೇಪೆಗಳು. ದಾರ ಅಲ್ಲಿ ಬಣ್ಣದ ಕೆಲಸ ಮಾಡಿದೆ, ಎಳೆಯ ಕೆಲಸ ಮಾಡಿಲ್ಲ. ಬಣ್ಣವೇ ಬೇಕಿದ್ದರೆ ಕುಂಚ ಸಾಕಿತ್ತು.

ಮಣಿಗಳ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ಶುಗರ್ ಬೀಡ್ಸ್, ಕಟ್ ಬೀಡ್ಸ್, ಜರ್ದೋಸಿ ತಂತಿ ಎಲ್ಲವೂ ರವಿಕೆಯ ಆರಿ ವರ್ಕಿನಿಂದ ನಮಗೆ ಪರಿಚಿತ. ಬೆಳಕು ಬಿದ್ದೊಡನೆ ಮಿನುಗಿ ಕಣ್ಣನ್ನು ತಮ್ಮ ಕಡೆಗೇ ಎಳೆದುಕೊಳ್ಳುವುದು ಅವುಗಳ ಗುಣ. ಮೆತ್ತನೆಯ, ಒದ್ದೆಯಾದ ಅಂಗದ ಮೇಲೆ ಗಾಜು ಸುರಿದರೆ ಅಂಗ ಮರೆಯಾಗಿ ಆಭರಣ ಉಳಿಯುತ್ತದೆ. ದೇಹದಲ್ಲಿ ನಿಜಕ್ಕೂ ದುಂಡಗೆ ಇರುವ ಕಡೆ ಮಣಿ ಗೆಲ್ಲುತ್ತದೆ. ಮನುಷ್ಯನ ಶ್ವಾಸಕೋಶಗಳಲ್ಲಿ ಸರಾಸರಿ 48 ಕೋಟಿ ಗಾಳಿಗೂಡುಗಳಿವೆ. ಕವಲೊಡೆದ ದಾರದ ತುದಿಗಳಲ್ಲಿ ಗೊಂಚಲುಗೊಂಚಲಾಗಿ ಕೂರಿಸಿದ ಪಾರದರ್ಶಕ ಮಣಿಗಳು ಅದನ್ನು ಚಿತ್ರಕ್ಕಿಂತ ಚೆನ್ನಾಗಿ ಹೇಳಬಲ್ಲವು. ಗಡುಸಾದದ್ದಕ್ಕೂ ಮಣಿ ಸಲ್ಲುತ್ತದೆ. ಮೂತ್ರಪಿಂಡದ ಕಲ್ಲು, ನಾಳದ ಒಳಗೋಡೆಗೆ ಅಂಟಿ ಗಟ್ಟಿಯಾದ ಜಿಡ್ಡು, ಇಂಥವನ್ನು ಮಣಿಯಲ್ಲಿ ಮಾಡಿದವರನ್ನು ನಾನಿನ್ನೂ ಕಂಡಿಲ್ಲ. ರೋಗವನ್ನು ಹೊಲಿಯಲು ಎಲ್ಲರೂ ಹಿಂಜರಿಯುತ್ತಾರೆ.

ಇನ್ನು ತಪ್ಪುಗಳು. ಇಸ್ತ್ರಿ ಒತ್ತಿ ನಮೂನೆ ಇಳಿಸಿಕೊಂಡರೆ ಚಿತ್ರ ಎಡಬಲ ತಿರುಗುತ್ತದೆ. ಹೂವಿಗೆ ಇದರಿಂದ ನಷ್ಟವಿಲ್ಲ. ಹೃದಯದ ತುದಿ ಮಾತ್ರ ನೋಡುವವರ ಬಲಕ್ಕೆ ಬಾಗಬೇಕಾದ್ದು ಎಡಕ್ಕೆ ಬಾಗಿ ನಿಲ್ಲುತ್ತದೆ. ಶ್ವಾಸಕೋಶಕ್ಕೆ ಹೋಗುವ ಧಮನಿಯಲ್ಲಿರುವುದು ಆಮ್ಲಜನಕ ಕಳೆದುಕೊಂಡ ರಕ್ತ, ಆದ್ದರಿಂದ ಪಠ್ಯಪುಸ್ತಕಗಳು ಅದಕ್ಕೆ ನೀಲಿ ಕೊಡುತ್ತವೆ. ಧಮನಿ ಎಂಬ ಹೆಸರು ನೋಡಿ ಕೆಂಪು ತುಂಬಿದವರಿದ್ದಾರೆ. ತಿಂಗಳುಗಟ್ಟಲೆ ಕಣ್ಣು ಸವೆಸಿ ಹೊಲಿಯುವವರು ಒಂದು ಸಂಜೆ ಪುಸ್ತಕ ಹಿಡಿದು ಕೂರಬಾರದೇ?

ಆ ನಮೂನೆಗಳು ಬಂದದ್ದಾದರೂ ಎಲ್ಲಿಂದ? ಹೆಚ್ಚಿನವು ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೆಯ ಅಂಗರಚನಾ ಗ್ರಂಥಗಳಿಂದ, ಅದರಲ್ಲೂ 1858ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಹೆನ್ರಿ ಗ್ರೇ ಅವರ ಪುಸ್ತಕದಿಂದ. ಅದರ ಚಿತ್ರಗಳನ್ನು ಬರೆದ ಹೆನ್ರಿ ವ್ಯಾಂಡೈಕ್ ಕಾರ್ಟರ್ ಅದೇ ವರ್ಷ ಮುಂಬೈಗೆ ಬಂದರು, ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿದರು. ಆ ಕಾಲದ ಇಂಗ್ಲೆಂಡಿನಲ್ಲಿ ಛೇದನದ ಮೇಜಿಗೆ ಬರುತ್ತಿದ್ದದ್ದು ವಾರಸುದಾರರಿಲ್ಲದ ಬಡವರ ಹೆಣಗಳು. ಕೋಲ್ಕತ್ತದ ಚರಿತ್ರೆಯೂ ಇದರಿಂದ ದೂರವಿಲ್ಲ. ಆಯುರ್ವೇದ ಓದಿದ್ದ ಮಧುಸೂದನ ಗುಪ್ತ ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಹೆಣ ಕೊಯ್ದದ್ದು 1836ರಲ್ಲಿ. 1985ರಲ್ಲಿ ನಿಷೇಧ ಬರುವ ತನಕ ಜಗತ್ತಿನ ವೈದ್ಯಕೀಯ ಕಾಲೇಜುಗಳಿಗೆ ಅಸ್ಥಿಪಂಜರಗಳು ಈ ಊರಿನಿಂದ ರಫ್ತಾಗುತ್ತಿದ್ದವು. ನನ್ನ ಕಚೇರಿಯಿರುವ ಇದೇ ಸಾಲ್ಟ್ ಲೇಕ್‌ನಲ್ಲಿ ವಾಸವಾಗಿದ್ದ ಪಶ್ಚಿಮ ಬಂಗಾಳದ ಮಾಜಿ ಮುಖ್ಯಮಂತ್ರಿ ಜ್ಯೋತಿ ಬಸು 2010ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ದೇಹ ಆಸ್ಪತ್ರೆಗೆ ಹೋಯಿತು. ಅದೇ ವರ್ಷ ಬೆಳಗಾವಿಯಲ್ಲಿ ಡಾ. ಮಹಾಂತೇಶ ರಾಮಣ್ಣವರ, ದೇಹದಾನ ಮಾಡಿದ್ದ ತಮ್ಮ ತಂದೆಯ ದೇಹವನ್ನು ತಾವೇ ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಮಾಡಿದರು. ನಮೂನೆಯ ಪ್ರತಿ ಗೆರೆಯ ಹಿಂದೆ ಒಬ್ಬ ಮನುಷ್ಯನಿದ್ದ. ಆತನನ್ನು ಮರೆತು ಅವನ ಗುಂಡಿಗೆಯ ಸುತ್ತ ಗುಲಾಬಿ ಹೊಲಿಯುವುದು ನನಗೆ ಒಗ್ಗುವುದಿಲ್ಲ. ಕೊಲಂಬಿಯಾದ ಕಲಾವಿದೆ ಹುವಾನಾ ಗೋಮೆಸ್ ತಮ್ಮದೇ ದೇಹದ ಫೋಟೋವನ್ನು ಬಟ್ಟೆಗೆ ಇಳಿಸಿ, ಅದರ ಮೇಲೆ ನರನಾಳಗಳನ್ನು ಹೊಲಿದಿದ್ದಾರೆ. ದೇಹ ಯಾರದು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿದೆ. ಅದಕ್ಕೇ ಆ ಕೆಲಸದ ಮುಂದೆ ನಿಂತು ನೋಡಬೇಕೆನ್ನಿಸುತ್ತದೆ.

ಬಂಗಾಳದಲ್ಲಿದ್ದುಕೊಂಡು ಹೊಲಿಯುವವರು ಕಾಂಥಾವನ್ನು ಬದಿಗಿಟ್ಟಿರುವುದು ನನಗೆ ಬೇಸರದ ಸಂಗತಿ. ನಮ್ಮ ಉತ್ತರ ಕರ್ನಾಟಕದ ಕೌದಿಯ ಹಾಗೆ ಅದೂ ಉಟ್ಟು ಹಳತಾದ ಸೀರೆ ಧೋತರಗಳ ಪದರ; ಮೇಲೆ ಸಾಲುಸಾಲಾಗಿ ಓಡುವ ಸಣ್ಣ ಹೊಲಿಗೆ. ಆ ಹೊಲಿಗೆಗೆ ಬಟ್ಟೆ ನವಿರಾಗಿ ಸುಕ್ಕುಗಟ್ಟುತ್ತದೆ. ಚರ್ಮ, ಅದರ ಕೆಳಗಿನ ಕೊಬ್ಬು, ಅದರಡಿಯ ಪೊರೆ ಎಂದು ಪದರ ಪದರವಾಗಿರುವ ದೇಹಕ್ಕೆ ಇದಕ್ಕಿಂತ ತಕ್ಕ ಮಾಧ್ಯಮ ಯಾವುದಿದೆ? ಅಂಗಡಿಯಿಂದ ತಂದ ಹೊಸ ಬಿಳಿ ಕಾಟನ್ನಿಗೆ ಯಾವ ಮೈಯ ನೆನಪೂ ಇಲ್ಲ.

ನಾನು ಕಂಡ ಹವ್ಯಾಸಿಗಳಲ್ಲಿ ಯಾರೂ ಮುಟ್ಟದ ಅಂಗವೊಂದಿದೆ: ಹೊಲಿಯುವ ಕೈ. ಬೆರಳು ಮಡಿಸುವ ಮುಖ್ಯ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅಲ್ಲಿಂದ ಒಂಬತ್ತು ಸ್ನಾಯುರಜ್ಜುಗಳು ಮತ್ತು ಒಂದು ನರ ಮಣಿಕಟ್ಟಿನ ಕಿರಿದಾದ ಸುರಂಗದೊಳಗೆ ನುಸುಳಿ ಅಂಗೈಗೆ ಬರುತ್ತವೆ. ಮೇಲೆ ಅಡ್ಡಪಟ್ಟಿಯೊಂದು ಅವನ್ನು ಮೇಲೇಳದಂತೆ ಹಿಡಿದಿರುತ್ತದೆ. ಜರ್ದೋಸಿಯಲ್ಲಿ ಮಾಡುವುದೂ ಇದನ್ನೇ: ದಪ್ಪ ಎಳೆಯನ್ನು ಬಟ್ಟೆಯ ಮೇಲೆ ಮಲಗಿಸಿ, ಸಣ್ಣ ದಾರದ ಅಡ್ಡ ಹೊಲಿಗೆಯಿಂದ ಅಲ್ಲಲ್ಲಿ ಹಿಡಿಯುವುದು. ಇಲ್ಲಿ ವಿಧಾನವೂ ವಸ್ತುವೂ ಒಂದೇ ಆಗುತ್ತವೆ, ಒಂದು ಮಣಿಯೂ ಬೇಕಾಗುವುದಿಲ್ಲ. ಸುರಂಗದೊಳಗೆ ಆ ನರ ಅದುಮಿಕೊಂಡರೆ ಬೆರಳು ಜೋಮು ಹಿಡಿಯುತ್ತದೆ. ಅಡ್ಡಚೌಕಟ್ಟಿನ ಮುಂದೆ ದಿನವಿಡೀ ಬಾಗಿ ಕೂರುವ ಕೋಲ್ಕತ್ತದ ಮಟಿಯಾಬುರ್ಜಿನ ಜರಿ ಕಾರಿಗರರಿಗೂ, ಸೆಕ್ಟರ್ ಫೈವ್‌ನಲ್ಲಿ ಕೀಲಿಮಣೆ ಕುಟ್ಟುವ ನಮಗೂ ಮಣಿಕಟ್ಟಿನ ನೋವು ಹೊಸದಲ್ಲ. ಹೊಸದಾಗಿ ಸೂಜಿ ಹಿಡಿಯುವವರಲ್ಲಿ ನನ್ನ ಕೋರಿಕೆ ಇಷ್ಟೇ. ಹೃದಯವನ್ನು ಸದ್ಯಕ್ಕೆ ಬಿಡಿ. ನಿಮ್ಮ ಎಡ ಮುಂಗೈಯನ್ನು ಮೇಜಿನ ಮೇಲಿಟ್ಟು ಬೆರಳು ಮಡಿಸಿ, ಚರ್ಮದಡಿ ಏನು ಸರಿಯುತ್ತದೆಂದು ನೋಡಿ, ಅದನ್ನು ಹೊಲಿಯಿರಿ.