ರಾಜಮುದ್ರೆಯ ನಗು

ಸತ್ಯವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನಿರೂಪಿಸಿದ್ದಾರೆ. ಕ್ರೋಧ, ಲೋಭ, ಭಯಗಳನ್ನು ತ್ಯಜಿಸಬೇಕೆಂಬುದು ಯಾರಿಗಾದರೂ ಅರ್ಥವಾಗುತ್ತದೆ; ಸಿಟ್ಟಿನಿಂದಲೋ ಆಸೆಯಿಂದಲೋ ಅಂಜಿಕೆಯಿಂದಲೋ ಮನುಷ್ಯನು ಸುಳ್ಳಾಡುತ್ತಾನೆ. ವಿವೇಚಿಸಿ ನುಡಿಯಬೇಕೆಂಬ ಅನುವೀಚಿ ಭಾಷಣವೂ ಸ್ಪಷ್ಟವೇ. ಆದರೆ ಇವುಗಳ ನಡುವೆ ಹಾಸ್ಯತ್ಯಾಗವನ್ನು ಆಚಾರ್ಯರು ಸೇರಿಸಿದ್ದೇಕೆ? ಸ್ವಾಧ್ಯಾಯದಲ್ಲಿ ತರುಣರು ಹೀಗೆ ಕೇಳಿದಾಗಲೆಲ್ಲ ನಾನು ಕೊಡುತ್ತಿದ್ದ ಉತ್ತರವು ನನಗೇ ತೃಪ್ತಿ ತಂದಿರಲಿಲ್ಲ. ಅಮೆರಿಕದ ಸರಕಾರವು ತನ್ನ ಅಧಿಕೃತ ಜಾಲತಾಣ ಖಾತೆಗಳಲ್ಲಿ 2025ರಲ್ಲಿಯೂ 2026ರ ಆರಂಭದಲ್ಲಿಯೂ ಪ್ರಕಟಿಸಿದ ಮೂರು ಕೃತಿಗಳನ್ನು ಕ್ರಮವಾಗಿ ನೋಡಿದ ಮೇಲೆ ಆ ಉತ್ತರ ದೊರೆಯಿತು. ಕೃತಿಗಳೆಂದೇ ಕರೆಯುತ್ತೇನೆ, ಅವುಗಳಲ್ಲಿ ಕೈಚಳಕವಿದೆ.

2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಮಂದಿ ಭಾರತೀಯರನ್ನು ಅಮೃತಸರಕ್ಕೆ ತಂದಿಳಿಸಿದ್ದನ್ನು ಓದುಗರು ಮರೆತಿರಲಾರರು. ಅವರು ಬೇಡಿ ತೊಟ್ಟು ವಿಮಾನವೇರುವ ದೃಶ್ಯವನ್ನು ಆ ದೇಶದ ಗಡಿ ಕಾವಲು ಪಡೆಯ ಮುಖ್ಯಸ್ಥರೇ ಪ್ರಕಟಿಸಿದ್ದರು. ಅದಾದ ಎರಡು ವಾರಗಳಲ್ಲಿ, ಫೆಬ್ರವರಿ 18ರಂದು, ಶ್ವೇತಭವನದ ಖಾತೆಯಲ್ಲಿ ಮತ್ತೊಂದು ದೃಶ್ಯ ಬಂತು. ಕಿವಿಗೆ ಹಿತವಾದ ಸಣ್ಣ ಸದ್ದುಗಳನ್ನು ಕೇಳಿಸಿ ಮೈಮನಗಳನ್ನು ಸಡಿಲಗೊಳಿಸುವ ಎಎಸ್‌ಎಂಆರ್ ಎಂಬ ಚಿತ್ರಪ್ರಕಾರವೊಂದುಂಟು. ಗಡೀಪಾರಿನ ವಿಮಾನಕ್ಕೆ ಆ ಹೆಸರನ್ನೇ ಕೊಟ್ಟು ಈ ದೃಶ್ಯವನ್ನು ಹೆಣೆಯಲಾಗಿತ್ತು. ಅದರಲ್ಲಿ ಮಾತಿಲ್ಲ, ವಿವರಣೆಯಿಲ್ಲ. ಸರಪಳಿಯ ಕಿಣಿಕಿಣಿ, ವಿಮಾನದ ಮೊರೆತ, ಮೆಟ್ಟಿಲೇರುವ ಬೇಡಿಗಾಲುಗಳು. ಇದನ್ನು ಹೊಸೆದವನು ತನ್ನ ಮಾಧ್ಯಮವನ್ನು ಚೆನ್ನಾಗಿ ಬಲ್ಲವನು. ಅಲ್ಲಿ ಸುಳ್ಳೇನೂ ಇಲ್ಲ, ಸದ್ದು ನಿಜವಾದುದೇ. ಆದರೆ ಪರರ ಸಂಕಲೆಯ ಸದ್ದನ್ನು ಜೋಗುಳದಂತೆ ಕೇಳಿರೆಂದು ಪ್ರಜೆಗಳನ್ನು ಕರೆದವರು ಯಾರೋ ಪುಂಡರಲ್ಲ, ರಾಜಮುದ್ರೆಯುಳ್ಳ ಪ್ರಭುತ್ವ.

ಎರಡನೆಯದು ಮಾರ್ಚ್ 27ರದು. ಬಂಧನಕ್ಕೊಳಗಾಗಿ ಅಳುತ್ತಿದ್ದ ಒಬ್ಬ ಸ್ತ್ರೀಯನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಜಪಾನಿನ ಗಿಬ್ಲಿ ಸ್ಟುಡಿಯೋದ ಶೈಲಿಯಲ್ಲಿ ವ್ಯಂಗ್ಯಚಿತ್ರವಾಗಿಸಲಾಯಿತು. ಯುದ್ಧದಲ್ಲಿ ಅನಾಥರಾದ ಅಣ್ಣ ತಂಗಿಯರ ಕಥೆಯನ್ನು 1988ರಲ್ಲಿ ತೆರೆಗೆ ತಂದ ಸಂಸ್ಥೆಯದು. ಕರುಣೆಗಾಗಿ ರೂಪುಗೊಂಡ ಗೆರೆಗಳು ಹೀಗೆ ಅಪಹಾಸ್ಯಕ್ಕೆ ಬಳಕೆಯಾದವು. ಆಕೆ ಮಾದಕವಸ್ತು ಸಾಗಾಟದಲ್ಲಿ ಹಿಂದೆ ಶಿಕ್ಷೆಗೊಳಗಾದವಳು ಎಂಬುದನ್ನು ಮುಚ್ಚಿಡಬಾರದು. ವಿರುದ್ಧರಾಜ್ಯಾತಿಕ್ರಮವನ್ನು ಅಚೌರ್ಯಾಣುವ್ರತದ ಅತಿಚಾರವೆಂದು ಒಪ್ಪಿದ ನಾವು, ಕಾನೂನು ಮೀರಿದವರನ್ನು ದಂಡಿಸುವ ಹಕ್ಕು ರಾಜ್ಯಕ್ಕಿಲ್ಲವೆಂದು ವಾದಿಸಲಾರೆವು. ಆದರೆ ದಂಡಿಸುವುದು ಬೇರೆ, ದಂಡಿತರನ್ನು ನೋಡಿ ನಗುವುದು ಬೇರೆ. ನಮ್ಮ ನಾಡಿನವರೇ ಆದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ದೀನರನ್ನು ನೋಡಿ ನಗುವುದನ್ನು ಹಾಸ್ಯವೇದನೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ಎಣಿಸಿದ್ದಾರೆ. ದೀನನು ನಿರ್ದೋಷಿಯಾಗಿರಬೇಕೆಂಬ ನಿಬಂಧನೆ ಅಲ್ಲಿಲ್ಲ.

ಮೂರನೆಯದು 2026ರ ಜನವರಿ 22ರದು. ಮಿನೆಸೋಟಾ ರಾಜ್ಯದ ಸೇಂಟ್ ಪಾಲ್ ನಗರದ ಚರ್ಚೊಂದರಲ್ಲಿ ಆರಾಧನೆಯ ವೇಳೆ ನಡೆದ ಪ್ರತಿಭಟನೆಗೆ ಸಂಬಂಧಿಸಿ ನಾಗರಿಕ ಹಕ್ಕುಗಳ ವಕೀಲೆಯೊಬ್ಬರನ್ನು ಬಂಧಿಸಲಾಯಿತು. (ಪೂಜಾಸ್ಥಳದಲ್ಲಿ ಗದ್ದಲವೆಬ್ಬಿಸುವುದನ್ನು ನಾನು ಮೆಚ್ಚಲಾರೆ, ಅದು ಬೇರೆ ಮಾತು.) ಆಗ ಗೃಹಭದ್ರತಾ ಕಾರ್ಯದರ್ಶಿಯಾಗಿದ್ದ ಕ್ರಿಸ್ಟಿ ನೋಯೆಮ್ ಅವರ ಖಾತೆಯಲ್ಲಿ ಪ್ರಕಟವಾದ ಛಾಯಾಚಿತ್ರದಲ್ಲಿ ಆ ಮಹಿಳೆಯ ಮುಖ ಶಾಂತವಾಗಿತ್ತು. ಅದೇ ದಿನ ಶ್ವೇತಭವನದ ಖಾತೆಯಲ್ಲಿ ಬಂದ ಅದೇ ಚಿತ್ರದಲ್ಲಿ ಆಕೆ ಬಿಕ್ಕಿ ಅಳುತ್ತಿದ್ದರು. ತಿದ್ದಿದ್ದು ಪತ್ತೆಯಾಗಿ ಪ್ರಶ್ನೆಗಳೆದ್ದಾಗ ಸಂಪರ್ಕ ವಿಭಾಗದ ಉಪನಿರ್ದೇಶಕ ಕೇಲನ್ ಡೋರ್ ಕೊಟ್ಟ ಉತ್ತರದ ಸಾರವಿಷ್ಟೇ: ಕಾನೂನಿನ ಜಾರಿಯೂ ಮುಂದುವರಿಯುವುದು, ಮೀಮ್‌ಗಳೂ ಮುಂದುವರಿಯುವವು.

ಹನ್ನೊಂದು ತಿಂಗಳ ಈ ಪಯಣವನ್ನು ಓದುಗರು ಗಮನಿಸಬೇಕು. ಮೊದಲು ನಿಜವಾದ ಸದ್ದು. ಬಳಿಕ ಚಿತ್ರವೆಂದು ನೋಡಿದೊಡನೆ ತಿಳಿಯುವ ಚಿತ್ರ. ಕೊನೆಗೆ ಛಾಯಾಚಿತ್ರದ ವೇಷದಲ್ಲಿ ಇಲ್ಲದ ಕಣ್ಣೀರು. ಕೊನೆಯದು ನಮ್ಮ ಶಾಸ್ತ್ರದ ಪರಿಭಾಷೆಯಲ್ಲಿ ಅಪ್ಪಟ ಕೂಟಲೇಖ. ಕ್ರೋಧದಿಂದ ಸುಳ್ಳಾಡಿದವನಿಗೆ ತಾನಾಡಿದ್ದು ಸುಳ್ಳೆಂಬ ಅರಿವು ಒಳಗೆಲ್ಲೋ ಉಳಿದಿರುತ್ತದೆ. ನಗುವವನಿಗಾದರೋ ನಿಜ ಸುಳ್ಳುಗಳ ಲೆಕ್ಕವೇ ಬೇಕಿಲ್ಲ. ಕೇಳಿದರೆ, ತಮಾಷೆಗೆಂದೆ ಎನ್ನುತ್ತಾನೆ. ಹಾಸ್ಯತ್ಯಾಗವನ್ನು ಆಚಾರ್ಯರು ಸತ್ಯದ ಕಾವಲಿಗೆ ನಿಲ್ಲಿಸಿದ್ದು ಇದಕ್ಕಾಗಿಯೇ ಎಂದು ಈಗ ನನಗೆ ತೋರುತ್ತದೆ.

ಇಂತಹ ಖಾತೆಗಳನ್ನು ನಡೆಸುವ ಕೈಗಳಲ್ಲಿ ಇಪ್ಪತ್ತರ ಆಸುಪಾಸಿನವೂ ಇವೆಯೆಂದು ಅಲ್ಲಿನ ಪತ್ರಿಕೆಗಳು ಬರೆದಿವೆ. ಆ ವಯಸ್ಸಿನ ಮಗನಿಗೆ ಸರಕಾರದ ಪ್ರಚಾರಕಾರ್ಯ ದೊರೆತರೆ ಹೆಮ್ಮೆಯಿಂದ ಸಿಹಿ ಹಂಚುವ ಮನೆಗಳು ನಮ್ಮಲ್ಲೂ ಉಂಟು. ನಾಲ್ಕು ದಶಕ ಕಿರ್ದಿ ಖಾತೆಗಳ ನಡುವೆ ಕಳೆದವನಾಗಿ ಒಂದು ಮಾತು ಹೇಳಬಲ್ಲೆ. ಗುಮಾಸ್ತನು ಬರೆದ ನಮೂದಿಗೆ ಅಂಗಡಿಯ ಯಜಮಾನನು ಹೊಣೆ. ಆದರೂ ತಿಳಿದೂ ತಿಳಿದೂ ಸುಳ್ಳು ನಮೂದು ಬರೆದ ಗುಮಾಸ್ತನಿಗೆ ಬಿಡುಗಡೆಯಿಲ್ಲ. ತಪ್ಪು ಬರೆದಿದ್ದರೆ ಅಳಿಸುವಂತಿಲ್ಲ. ತಪ್ಪೆಂದು ಕಾಣುವಂತೆಯೇ ಎದುರು ನಮೂದು ಹಾಕಬೇಕು. ಅಕ್ಷರ ನೋಡಿ, ಇದು ಇಂಥವನ ಬರಹವೆಂದು ಹೇಳಬಹುದಿತ್ತು. ಈ ಖಾತೆಗಳಲ್ಲಾದರೋ ಬರೆದವನ ರುಜುವಿಲ್ಲ. ಮೇಲೆ ಇಡೀ ದೇಶದ ಹೆಸರಿದೆ. ಚಪ್ಪಾಳೆ ಮಾತ್ರ ಲಕ್ಷಗಳ ಲೆಕ್ಕದಲ್ಲಿ ಕೂಡಲೇ ಕೈಸೇರುತ್ತದೆ. ಇಪ್ಪತ್ತೊಂದರ ಹುಡುಗನಿಗೆ ಇದಕ್ಕಿಂತ ಅಪಾಯದ ಸಂಬಳ ಯಾವುದು?

ಹುಡುಗನೊಬ್ಬನನ್ನೇ ದೂರುವುದೂ ನ್ಯಾಯವಲ್ಲ. ಕೃತ, ಕಾರಿತ, ಅನುಮತ ಎಂದು ಮೂರು ಬಗೆ. ಮಾಡಿದವನು ಅವನು, ಮಾಡಿಸಿದವರು ಅವನ ಮೇಲಿನವರು. ಮೂರನೆಯ ಸಾಲಿನಲ್ಲಿ ನಾವಿದ್ದೇವೆ. ಆ ಗಿಬ್ಲಿ ಚಿತ್ರ ನನ್ನ ದೂರವಾಣಿಗೆ ಬಂದಾಗ, ಅದರ ಹಿಂದೆ ಜೀವಂತ ಸ್ತ್ರೀಯೊಬ್ಬಳಿರುವಳೆಂದು ಯೋಚಿಸುವ ಮೊದಲೇ ನನಗೂ ನಗು ಬಂದಿತ್ತು. ಒಬ್ಬ ಮಿತ್ರರಿಗೆ ಕಳುಹಿಸಿಯೂ ಬಿಟ್ಟಿದ್ದೆ. ಸಂಜೆ ಪ್ರತಿಕ್ರಮಣಕ್ಕೆ ಕುಳಿತಾಗ ಅದು ನೆನಪಾಗಿ ಅವರಿಗೆ ಕರೆ ಮಾಡಿ, ಅಳಿಸಿಹಾಕಿರೆಂದು ಕೇಳಿಕೊಂಡೆ. ಅವರು ಅಷ್ಟರಲ್ಲಿ ಅದನ್ನು ಎರಡು ಗುಂಪುಗಳಿಗೆ ಕಳುಹಿಸಿದ್ದರು. ಅವುಗಳಲ್ಲೊಂದು ನಮ್ಮ ಬಸದಿಯದೇ.