ಜೆಮ್‌ಫೈವ್ ಗ್ರಂಥದ ಕ್ಯಾಶ್ ಪ್ರಕರಣ: ಪಾಠಪರಿಪಾಲನೆಯ ವಿಮರ್ಶೆ

ಶಾಸ್ತ್ರಗ್ರಂಥವೊಂದು ಬಹುಕಾಲ ಬಾಳಬೇಕಾದರೆ ಅದನ್ನು ರಚಿಸಿದವನ ಪ್ರತಿಭೆಯೊಂದೇ ಸಾಲದು. ರಚನೆಯಾದ ಮೇಲೆ ಅದನ್ನು ಕಾಪಾಡಿ, ತಿದ್ದಿ, ಸಂಶಯಸ್ಥಳಗಳನ್ನು ಬಿಡಿಸಿ ಮುಂದಿನವರ ಕೈಗೆ ಒಪ್ಪಿಸುವವರೂ ಬೇಕು. ಪಾಣಿನಿಯ ಸೂತ್ರಗಳಿಗೆ ಕಾತ್ಯಾಯನನ ವಾರ್ತಿಕವೂ ಪತಂಜಲಿಯ ಭಾಷ್ಯವೂ ಒದಗದಿದ್ದಲ್ಲಿ ಆ ಶಾಸ್ತ್ರದ ಗತಿ ಏನಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಈ ಮಾತು ಸಂಸ್ಕೃತಗ್ರಂಥಗಳಿಗೆ ಮಾತ್ರ ಸಲ್ಲತಕ್ಕುದಲ್ಲ. ಗಣಕಯಂತ್ರಕ್ಕಾಗಿ ಬರೆಯಲ್ಪಡುವ ಕೋಡ್ ಕೂಡ ಒಂದು ಬಗೆಯ ಗ್ರಂಥವೇ. ಅದನ್ನು ನಡೆಯಿಸುವುದು ಯಂತ್ರವಾದರೂ ಓದುವವರೂ ತಿದ್ದುವವರೂ ಮನುಷ್ಯರು. ಅಂತಹ ಗ್ರಂಥಗಳಲ್ಲಿ ಜೆಮ್‌ಫೈವ್ ಎಂಬುದರ ಕ್ಯಾಶ್ ಪ್ರಕರಣವು ಪಾಠಪರಿಪಾಲನೆಯ ದೃಷ್ಟಿಯಿಂದ ವಿಶೇಷವಾಗಿ ವಿಚಾರಾರ್ಹವಾಗಿದೆ.

ಮೊದಲು ವಿಷಯದ ಸ್ವರೂಪವನ್ನು ತಿಳಿಯಬೇಕು. ಗಣಕದ ಪ್ರೊಸೆಸರು ಅತಿವೇಗದಿಂದ ಕೆಲಸಮಾಡುವುದು. ಅದಕ್ಕೆ ಬೇಕಾದ ಅಂಶಗಳನ್ನು ಇಟ್ಟುಕೊಂಡಿರುವ ಮುಖ್ಯಸ್ಮೃತಿಯಾದರೋ ಬಹಳ ನಿಧಾನ. ಈ ಅಂತರವನ್ನು ನೀಗಲು ಪ್ರೊಸೆಸರಿನ ಸಮೀಪದಲ್ಲಿ ಚಿಕ್ಕದಾದ, ಶೀಘ್ರವಾದ ಇನ್ನೊಂದು ಸ್ಮೃತಿಯನ್ನು ಇಟ್ಟು, ಆಗಾಗ ಬೇಕಾಗುವುದನ್ನು ಅದರಲ್ಲಿ ಉಳಿಸಿಕೊಳ್ಳುವರು. ವಿದ್ವಾಂಸನು ಭಂಡಾರದಲ್ಲಿರುವ ಓಲೆಯ ಕಟ್ಟುಗಳನ್ನೆಲ್ಲ ಹೊತ್ತು ತರದೆ, ಅಂದಿನ ಪಾಠಕ್ಕೆ ಬೇಕಾದ ನಾಲ್ಕು ಗರಿಗಳನ್ನು ವ್ಯಾಸಪೀಠದ ಮೇಲೆ ಇಟ್ಟುಕೊಳ್ಳುವಂತೆ ಇದು. ಮಾರಿಸ್ ವಿಲ್ಕ್ಸ್ ಎಂಬ ಆಂಗ್ಲ ವಿದ್ವಾಂಸರು 1965ರಲ್ಲಿ ಈ ಉಪಾಯವನ್ನು ‘ಸೇವಕಸ್ಮೃತಿ’ ಎಂಬರ್ಥದ ಹೆಸರಿನಿಂದ ನಿರೂಪಿಸಿದರು. 1968ರಲ್ಲಿ ಪ್ರಕಟವಾದ ಐಬಿಎಂ ಸಂಸ್ಥೆಯ ಸಿಸ್ಟಂ/360 ಮಾಡೆಲ್ 85 ಯಂತ್ರದ ಮೂಲಕ ಕ್ಯಾಶ್ ಎಂಬ ಹೆಸರು ರೂಢಿಗೆ ಬಂದಿತು. ಬೇಕಾದುದು ಅಲ್ಲಿ ದೊರೆತರೆ ಹಿಟ್, ದೊರೆಯದಿದ್ದರೆ ಮಿಸ್. ಪೀಠವು ತುಂಬಿದಾಗ ಯಾವ ಗರಿಯನ್ನು ತೆಗೆದಿಡಬೇಕೆಂಬ ನಿಯಮವು ಬದಲಿನೀತಿ. ಹಲವು ಪ್ರೊಸೆಸರುಗಳ ಪೀಠಗಳಲ್ಲಿ ಒಂದೇ ಗರಿಯ ಪ್ರತಿಗಳಿದ್ದು, ಒಬ್ಬನು ತನ್ನ ಪ್ರತಿಯನ್ನು ತಿದ್ದಿದರೆ ಉಳಿದವರು ಹಳೆಯ ಪಾಠವನ್ನೇ ಓದದಂತೆ ನೋಡಿಕೊಳ್ಳುವ ವ್ಯವಸ್ಥೆಗೆ ಪ್ರತಿಸಾಮರಸ್ಯವೆನ್ನಬಹುದು. ಪಾಠಾಂತರಗಳೊಡನೆ ಹೆಣಗಿದವರಿಗೆ ಇದರ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಹೊಸ ಯಂತ್ರವನ್ನು ಕಟ್ಟುವುದಕ್ಕೆ ಮುಂಚೆ ಅದರ ನಡೆಯನ್ನು ಕೋಡಿನಲ್ಲಿ ಅನುಕರಿಸಿ ಅಳೆದುನೋಡುವುದು ಪದ್ಧತಿ. ಹೀಗೆ ಅನುಕರಿಸುವ ಗ್ರಂಥಕ್ಕೆ ಸಿಮ್ಯುಲೇಟರ್ ಎಂದು ಹೆಸರು. ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಎಂಫೈವ್, ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಜೆಮ್ಸ್ ಎಂಬ ಎರಡು ಗ್ರಂಥಗಳು ಕೂಡಿ ಜೆಮ್‌ಫೈವ್ ಆಯಿತು. 2011ರಲ್ಲಿ ಅದರ ನಿರೂಪಣೆ ಪ್ರಕಟವಾಯಿತು. ಅದರಲ್ಲಿ ಕಾಲದ ಕಿರಿಯ ಮಾನವು ಸಾಮಾನ್ಯವಾಗಿ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗ. ಲೋಕದ ನಾನಾ ಕಡೆಯ ಸಂಶೋಧಕರು ಇದನ್ನು ಆಧಾರವಾಗಿಟ್ಟುಕೊಂಡು ಪ್ರಬಂಧಗಳನ್ನು ಬರೆದಿದ್ದಾರೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸಾಮಾನ್ಯ ಕೋಡಿನಲ್ಲಿ ದೋಷವಿದ್ದರೆ ಉತ್ತರವು ತಪ್ಪಾಗಿ ಅದು ಬೇಗನೆ ಬಯಲಾಗುವುದುಂಟು. ಸಿಮ್ಯುಲೇಟರಿನ ಕ್ಯಾಶ್ ಪ್ರಕರಣದಲ್ಲಾದರೋ, ಕೊಟ್ಟ ಅಂಶವು ಸರಿಯಾಗಿದ್ದು ಅದಕ್ಕೆ ಹಿಡಿದ ಕಾಲದ ಲೆಕ್ಕವು ಮಾತ್ರ ತಪ್ಪಿರಬಹುದು. ಆಗ ಎಲ್ಲವೂ ಸುಸೂತ್ರವಾಗಿ ಮುಗಿಯುವುದು. ಕೊನೆಯಲ್ಲಿ ಬರುವ ಸಂಖ್ಯೆಯೊಂದೇ ಸುಳ್ಳು. ಆ ಸಂಖ್ಯೆಯ ಮೇಲೆ ಒಂದು ಸಿದ್ಧಾಂತವು ನಿಂತಿರುವುದು. ಆದುದರಿಂದ ಈ ಪ್ರಕರಣದ ಪರಿಪಾಲನೆಯು ಗ್ರಂಥದ ಪ್ರಾಮಾಣ್ಯಕ್ಕೇ ಸಂಬಂಧಪಟ್ಟ ವಿಷಯ.

ಉಕ್ತ, ಅನುಕ್ತ, ದುರುಕ್ತಗಳನ್ನು ಚಿಂತಿಸುವುದು ವಾರ್ತಿಕಕಾರನ ಧರ್ಮವೆಂಬುದು ವಿದ್ವಾಂಸರಿಗೆ ವಿದಿತವೇ. ಆ ಕ್ರಮದಲ್ಲಿಯೇ ಈ ಪ್ರಕರಣವನ್ನು ಪರೀಕ್ಷಿಸಬಹುದು.

ಉಕ್ತದಲ್ಲಿ ಮೆಚ್ಚತಕ್ಕ ಅಂಶಗಳು ಹಲವು. ಮೊದಲಿನ ಪಾಠದಲ್ಲಿ ಗರಿಗಳನ್ನು ಹುಡುಕುವ ವಿಧಾನವೂ ಬದಲಿನೀತಿಯೂ ಒಂದರೊಡನೊಂದು ಹೆಣೆದುಕೊಂಡಿದ್ದುವು. ಹೊಸ ನೀತಿಯೊಂದನ್ನು ಹೇಳಬೇಕಾದವನು ಹುಡುಕುವ ಮಾತನ್ನೂ ಮುಟ್ಟಬೇಕಾಗುತ್ತಿತ್ತು. ಮೇಲಾಗಿ ಇಡೀ ಪ್ರಕರಣವು ಸಿ ಪ್ಲಸ್ ಪ್ಲಸ್ ಭಾಷೆಯ ಟೆಂಪ್ಲೇಟ್ ಎಂಬ ಕ್ಲಿಷ್ಟರಚನೆಯಲ್ಲಿ ಬರೆಯಲ್ಪಟ್ಟಿದ್ದಿತು. 2015ರಲ್ಲಿ ಪರಿಪಾಲಕರು ಆ ಟೆಂಪ್ಲೇಟುಗಳನ್ನು ತೆಗೆದುಹಾಕಿದರು. 2018ರಲ್ಲಿ ಬದಲಿನೀತಿಗಳನ್ನು ಬೇರ್ಪಡಿಸಿ ಸ್ವತಂತ್ರಪ್ರಕರಣವನ್ನಾಗಿ ಮಾಡಿದರು. ಅದೇ ವರ್ಷದಲ್ಲಿ ಎಲ್ಲ ಕ್ಯಾಶುಗಳಿಗೂ ಸಮಾನವಾದುದನ್ನು ಬೇಸ್‌ಕ್ಯಾಶ್ ಎಂಬಲ್ಲಿ ಹೇಳಿ, ಪ್ರತಿಸಾಮರಸ್ಯವುಳ್ಳದ್ದು, ಅದಿಲ್ಲದ್ದು ಎಂಬ ಎರಡು ವಿಶೇಷಗಳನ್ನು ಅದರಿಂದ ಕವಲೊಡೆಯಿಸಿದರು. ಉತ್ಸರ್ಗವನ್ನು ಮೊದಲು ಹೇಳಿ ವಿಶೇಷವನ್ನು ಬೇರೆಯಾಗಿ ವಿಧಿಸುವ ಈ ಕ್ರಮವು ವೈಯಾಕರಣರಿಗೆ ಅಪರಿಚಿತವಲ್ಲ. ಇಂತಹ ತಿದ್ದುಪಡಿಗಳಿಂದ ಹೊಸ ಅರ್ಥವೇನೂ ಹುಟ್ಟುವುದಿಲ್ಲವೆಂದು ಕೆಲವರು ಉಪೇಕ್ಷಿಸಬಹುದು. ಆದರೆ ಮುಂದೆ ಅರ್ಥವನ್ನು ಕೆಡಿಸದೆ ಹೊಸದನ್ನು ಸೇರಿಸಲು ಅವಕಾಶ ದೊರೆತುದೇ ಇದರ ಫಲ.

ದುರುಕ್ತಕ್ಕೆ ಒಂದು ಉದಾಹರಣೆ ಸಾಕು. ಹಿಂದಿನ ಪಾಠದಲ್ಲಿ ‘ಹಿಟ್ ಲೇಟೆನ್ಸಿ’, ಎಂದರೆ ದೊರಕುವುದಕ್ಕೆ ಹಿಡಿಯುವ ಕಾಲ, ಎಂಬ ಒಂದೇ ಪದವಿದ್ದಿತು. ವಾಸ್ತವವಾಗಿ ಅಲ್ಲಿ ನಡೆಯುವ ಕ್ರಿಯೆಗಳು ಎರಡು: ಬೇಕಾದ ಗರಿ ಇದೆಯೇ ಎಂದು ಗುರುತುಚೀಟಿಯನ್ನು ನೋಡುವುದು, ಬಳಿಕ ಅದರಲ್ಲಿರುವ ಅಂಶವನ್ನು ಓದುವುದು. ಕೆಲವು ಯಂತ್ರಗಳಲ್ಲಿ ಇವು ಒಂದಾದ ಮೇಲೊಂದು ನಡೆಯುವುವು. ಅಲ್ಲಿ ಎರಡರ ಕಾಲವನ್ನೂ ಕೂಡಿಸಬೇಕು. ಕೆಲವದರಲ್ಲಿ ಏಕಕಾಲಕ್ಕೆ ನಡೆಯುವುವು. ಅಲ್ಲಿ ದೊಡ್ಡದನ್ನು ಮಾತ್ರ ಹಿಡಿಯಬೇಕು. ಒಂದೇ ಪದದಿಂದ ಎರಡು ಅರ್ಥಗಳನ್ನು ಹೇಳಹೊರಟುದರಿಂದ ಈ ಭೇದವು ಮರೆಯಾಗಿದ್ದಿತು. ಪರಿಪಾಲಕರು ಆ ಪದವನ್ನು ಬಿಟ್ಟು ಟ್ಯಾಗ್ ಲೇಟೆನ್ಸಿ, ಡೇಟಾ ಲೇಟೆನ್ಸಿ ಎಂಬ ಎರಡನ್ನು ತಂದರು. ಹಳೆಯ ಪದವನ್ನೇ ಉಳಿಸಿಕೊಂಡು ಅದರ ಅರ್ಥವನ್ನು ಮಾತ್ರ ಬದಲಾಯಿಸಿದ್ದರೆ ಹಳೆಯ ಪ್ರಯೋಗಗಳು ಮೌನವಾಗಿ ಬೇರೆ ಸಂಖ್ಯೆಯನ್ನು ಕೊಡುತ್ತಿದ್ದುವು. ಪದವೇ ಇಲ್ಲವಾದುದರಿಂದ ಅದನ್ನು ಬಳಸುವ ಪ್ರಯೋಗವು ಕೂಡಲೆ ನಿಂತು, ಬಳಸುವವನಿಗೆ ತಪ್ಪನ್ನು ತಿಳಿಸುವುದು. ಮೌನದೋಷಕ್ಕಿಂತ ಕೂಗುವ ದೋಷವು ಲೇಸು.

ಅತ್ಯಂತ ಕಠಿನವಾದುದು ಅನುಕ್ತ. ಜೆಮ್‌ಫೈವಿನಲ್ಲಿ ಸ್ಮೃತಿಯನ್ನು ಕೇಳುವ ಮಾರ್ಗಗಳು ಮೂರು. ‘ಟೈಮಿಂಗ್’ ಮಾರ್ಗದಲ್ಲಿ ಪ್ರಶ್ನೆ ಬೇರೆ, ಉತ್ತರ ಬೇರೆ. ನಡುವಿನ ಕಾಲವೆಲ್ಲ ಲೆಕ್ಕಕ್ಕೆ ಬರುವುದು. ‘ಅಟಾಮಿಕ್’ ಮಾರ್ಗದಲ್ಲಿ ಎಲ್ಲವೂ ಒಂದೇ ಕರೆಯಲ್ಲಿ ಮುಗಿದು ಸ್ಥೂಲವಾದ ಕಾಲವೊಂದು ದೊರೆಯುವುದು. ‘ಫಂಕ್ಷನಲ್’ ಮಾರ್ಗದಲ್ಲಿ ಕಾಲದ ಗಣನೆಯೇ ಇಲ್ಲ. ಆ ಕ್ಷಣದಲ್ಲಿ ಸತ್ಯವಾದ ಅಂಶವು ಎಲ್ಲಿದ್ದರೂ ಅದನ್ನು ಹೇಳಬೇಕು. ಈ ಮೂರನೆಯದು ನೋಡಲು ಸುಲಭ, ಕಾಪಾಡಲು ಕಷ್ಟ. ಏಕೆಂದರೆ ಅಂಶವು ಪೀಠದ ಮೇಲೆಯೇ ಇರಬೇಕೆಂದಿಲ್ಲ. ಭಂಡಾರಕ್ಕೆ ಹಿಂದಿರುಗುವ ದಾರಿಯಲ್ಲಿರಬಹುದು, ಮಿಸ್ ಆದವುಗಳನ್ನು ಗುರುತಿಸಿಡುವ ಪಟ್ಟಿಯಲ್ಲಿರಬಹುದು. ಮಿಸ್ ಆದರೂ ಯಂತ್ರವು ನಿಲ್ಲದೆ ಮುಂದುವರಿಯಲು ಇಂತಹ ಪಟ್ಟಿಯೊಂದು ಬೇಕೆಂದು ಡೇವಿಡ್ ಕ್ರಾಫ್ಟ್ ಎಂಬವರು 1981ರಲ್ಲಿ ತೋರಿಸಿದರು. ಜೆಮ್‌ಫೈವ್ ಅದನ್ನು ಅನುಸರಿಸಿದೆ. ಮುಂದೆ ಯಾರಾದರೂ ಹೊಸದೊಂದು ಸಾಲನ್ನು ಸೇರಿಸಿ, ಫಂಕ್ಷನಲ್ ಮಾರ್ಗವು ಅಲ್ಲಿಯೂ ಹುಡುಕಬೇಕೆಂಬುದನ್ನು ಮರೆತರೆ ಹಳೆಯ ಪಾಠವೇ ಸತ್ಯವೆಂದು ಹೊರಬರುವುದು. ತಪ್ಪು ಬರೆದಲ್ಲಿ ಅಲ್ಲ, ಬರೆಯದೆ ಬಿಟ್ಟಲ್ಲಿ.

ಅಟಾಮಿಕ್, ಟೈಮಿಂಗ್ ಮಾರ್ಗಗಳಿಗೂ ಈ ಆಕ್ಷೇಪವು ತಟ್ಟುವುದು. ಗರಿಯನ್ನು ಹುಡುಕುವ ಮಾತು ಇವೆರಡಕ್ಕೂ ಒಂದೇ. ಮಿಸ್ ಆದ ಮೇಲಿನ ಮಾತುಗಳು ಮಾತ್ರ ಬೇರೆ ಬೇರೆ ಬರೆಯಲ್ಪಟ್ಟಿವೆ. ಒಂದನ್ನು ತಿದ್ದಿದವನು ಇನ್ನೊಂದನ್ನು ನೋಡಲೇಬೇಕು. ಸಂಶೋಧಕರು ಆರಂಭದ ಭಾಗವನ್ನು ಅಟಾಮಿಕ್ ಮಾರ್ಗದಲ್ಲಿ ಬೇಗನೆ ದಾಟಿ, ಅಳೆಯಬೇಕಾದ ಭಾಗವನ್ನು ಟೈಮಿಂಗ್ ಮಾರ್ಗದಲ್ಲಿ ನಡೆಯಿಸುವುದುಂಟು. ಮೊದಲಿನದು ಪೀಠವನ್ನು ಅಸಮಂಜಸವಾಗಿ ಬಿಟ್ಟುಹೋದರೆ ಎರಡನೆಯದರ ಅಳತೆಯೂ ಕೆಡುವುದು. ಮನಬಂದಂತೆ ಓದಿ, ಬರೆದು ಪರೀಕ್ಷಿಸುವ ಸಾಧನಗಳು ಗ್ರಂಥದೊಳಗೇ ಇವೆ. ಆದರೆ ಅವು ಅಂಶದ ತಪ್ಪನ್ನು ಹಿಡಿಯುವುವೇ ಹೊರತು ಕಾಲದ ತಪ್ಪನ್ನು ಹಿಡಿಯಲಾರವು. ಕಾಲಕ್ಕೆ ಚಿಕ್ಕ ಪ್ರಯೋಗಗಳ ಕೈಲೆಕ್ಕವೂ ನಿಜವಾದ ಯಂತ್ರದೊಡನೆ ಹೋಲಿಕೆಯೂ ಬೇಕು.

ಇನ್ನು ಒಂದು ಪೂರ್ವಪಕ್ಷವುಂಟು. ಎಂಫೈವಿನಿಂದ ಬಂದ ‘ಕ್ಲಾಸಿಕ್’ ಕ್ಯಾಶ್, ಜೆಮ್ಸಿನಿಂದ ಬಂದ ‘ರೂಬಿ’ ಎಂಬ ಎರಡು ಸಂಪ್ರದಾಯಗಳು ಒಂದೇ ಗ್ರಂಥದಲ್ಲಿ ಉಳಿದಿರುವುದು ಗೌರವದೋಷವಲ್ಲವೇ? ಲಾಘವಕ್ಕಾಗಿ ಒಂದನ್ನು ಬಿಡಬಾರದೇಕೆ? ಇದಕ್ಕೆ ಸಮಾಧಾನವು ಪ್ರಯೋಜನಭೇದದಲ್ಲಿದೆ. ಕ್ಲಾಸಿಕ್ ಕ್ಯಾಶಿನಲ್ಲಿ ಪ್ರತಿಸಾಮರಸ್ಯದ ನಿಯಮವು ಬಹುಮಟ್ಟಿಗೆ ಗೊತ್ತಾದುದು; ಅದು ಶೀಘ್ರವಾಗಿ ನಡೆಯುವುದು, ಜೋಡಿಸಲು ಸುಲಭ. ಪ್ರತಿಸಾಮರಸ್ಯವನ್ನೇ ವಿಚಾರಮಾಡತಕ್ಕವನಿಗೆ ರೂಬಿ ಬೇಕು. ಅದರಲ್ಲಿ ಸ್ಲಿಕ್ ಎಂಬ ಸ್ವಂತ ಪರಿಭಾಷೆಯಿದ್ದು, ಯಾವ ಸ್ಥಿತಿಯಲ್ಲಿ ಯಾವ ಘಟನೆಯಾದರೆ ಏನು ಮಾಡಬೇಕೆಂಬುದು ಪ್ರತ್ಯೇಕವಾಗಿ ವಿಧಿಸಲ್ಪಡುವುದು; ವಿಧಿಸದ ಸಂಧಿಯೊಂದು ಒದಗಿದರೆ ಯಂತ್ರವು ನಿಂತು ದೋಷವನ್ನು ಸಾರುವುದು. ಅನುಕ್ತವು ತಾನಾಗಿಯೇ ಬಯಲಾಗುವ ಈ ಗುಣವು ಕ್ಲಾಸಿಕ್ ಪ್ರಕರಣಕ್ಕೆ ಇಷ್ಟರ ಮಟ್ಟಿಗೆ ಇಲ್ಲ. ಬೇರ್ಪಡಿಸಿದ ಬದಲಿನೀತಿಗಳನ್ನು ಬಳಿಕ ರೂಬಿಯೂ ಸ್ವೀಕರಿಸಿರುವುದರಿಂದ ಸಮಾನವಾದುದು ಒಂದೆಡೆ ಸೇರುತ್ತಿದೆ. ಎರಡನ್ನೂ ಉಳಿಸಿಕೊಂಡು ಸಮಾನಾಂಶವನ್ನು ಮಾತ್ರ ಒಂದುಗೂಡಿಸುವ ಈ ಮಾರ್ಗವೇ ಯುಕ್ತವಾದುದು. ಆದರೆ ಒಂದರ ಫಲವನ್ನು ಇನ್ನೊಂದರ ಫಲದೊಡನೆ ವಿವೇಚನೆಯಿಲ್ಲದೆ ಹೋಲಿಸಲಾಗದು.

ಕಡೆಯದಾಗಿ ಪರಿಪಾಲಕರ ಧರ್ಮಸಂಕಟ. ಕಾಲದ ಲೆಕ್ಕದಲ್ಲಿ ಕಂಡ ದೋಷವನ್ನು ತಿದ್ದಿದರೆ, ಹಿಂದೆ ಪ್ರಕಟವಾದ ಪ್ರಬಂಧಗಳ ಸಂಖ್ಯೆಗಳು ಮತ್ತೆ ದೊರೆಯುವುದಿಲ್ಲ. ತಿದ್ದದಿದ್ದರೆ ಮುಂದಿನ ಪ್ರಬಂಧಗಳೆಲ್ಲ ದೋಷಭಾಗಿಗಳಾಗುವುವು. ಪ್ರಾಚೀನಕಾವ್ಯವನ್ನು ಸಂಪಾದಿಸುವವನು ಕವಿಯ ಪಾಠವನ್ನು ಉಳಿಸಬೇಕಾದವನು. ಪ್ರತಿಯಲ್ಲಿರುವುದನ್ನು ತನ್ನ ಅಭಿರುಚಿಯಂತೆ ತಿದ್ದತಕ್ಕದ್ದಲ್ಲ. ಸಿಮ್ಯುಲೇಟರಿಗೆ ಮೂಲವು ಹಳೆಯ ಪ್ರತಿಯಲ್ಲ, ಅನುಕರಿಸಲ್ಪಡುವ ಯಂತ್ರ. ಆದುದರಿಂದ ಇಲ್ಲಿ ತಿದ್ದುವುದೇ ಧರ್ಮ. ಆದರೆ ಸಂಪಾದಕನು ಪಾಠಾಂತರಗಳನ್ನು ಅಡಿಯಲ್ಲಿ ಕಾಣಿಸುವಂತೆ, ಏನನ್ನು, ಏಕೆ ಬದಲಾಯಿಸಲಾಯಿತೆಂಬುದನ್ನು ಬರೆದಿಡಬೇಕು. ಜೆಮ್‌ಫೈವಿನಲ್ಲಿ ಪ್ರತಿಯೊಂದು ಬದಲಾವಣೆಗೂ ಪ್ರಕರಣದ ಹೆಸರಿನ ತಲೆಪಟ್ಟಿಯೂ ಕಾರಣದ ಬರಹವೂ ಇರಬೇಕೆಂಬ ನಿಯಮವಿರುವುದು ಶ್ಲಾಘ್ಯ. 2020ರಿಂದ ಆವೃತ್ತಿಗಳಿಗೆ ಕ್ರಮವಾದ ಸಂಖ್ಯೆಗಳು ದೊರೆತಿರುವುದೂ ಹಾಗೆಯೇ. ಇನ್ನುಳಿದ ಹೊಣೆ ಬಳಸುವವರದು. ಯಾವ ಆವೃತ್ತಿ, ಯಾವ ಸಂಪ್ರದಾಯದ ಕ್ಯಾಶ್, ಯಾವ ಮಾರ್ಗ ಎಂಬುದನ್ನು ಹೇಳದೆ ಸಂಖ್ಯೆಯನ್ನು ಮಾತ್ರ ಹೇಳುವ ಪ್ರಬಂಧವು ಪ್ರತಿಯ ಹೆಸರನ್ನು ಹೇಳದೆ ಪಾಠವನ್ನು ಉದಾಹರಿಸಿದಂತೆ.

ಈ ಪ್ರಕರಣದಲ್ಲಿ ದುರುಕ್ತವು ಬಹುಮಟ್ಟಿಗೆ ನೀಗಿದೆ, ಅನುಕ್ತವು ಇನ್ನೂ ಉಳಿದಿದೆ. ಹೊಸ ನೀತಿಯನ್ನು ಕಂಡುಹಿಡಿದವರಿಗೆ ಪ್ರಬಂಧವೂ ಕೀರ್ತಿಯೂ ದೊರೆಯುವುವು. ಹಳೆಯ ಸಾಲಿನಲ್ಲಿ ಮರೆತುಹೋದ ಒಂದು ಪರೀಕ್ಷೆಯನ್ನು ಸೇರಿಸಿದವನ ಹೆಸರು ಬದಲಾವಣೆಯ ಪಟ್ಟಿಯಲ್ಲಿ ಒಂದು ಪಂಕ್ತಿಯಾಗಿ ಉಳಿಯುವುದು. ಆದರೂ ಆ ಕೀರ್ತಿಯು ನಿಲ್ಲುವುದು ಈ ಪಂಕ್ತಿಯ ಆಧಾರದ ಮೇಲೆಯೇ. ಪರಿಪಾಲನೆಯನ್ನೂ ವಿದ್ವತ್ಕಾರ್ಯವೆಂದು ಎಣಿಸದ ಕಡೆ ಪ್ರಾಮಾಣ್ಯವು ಬಹುಕಾಲ ಉಳಿಯಲಾರದು.