ಮೇವೆದರ್‌ನ ಭುಜ, ಮಾರ್ಕ್ವೆಜ್‌ನ ಬಲಗೈ

ರಕ್ಷಣೆಯ ಬಾಕ್ಸಿಂಗ್ ಎಂದ ಕೂಡಲೇ ಫ್ಲಾಯ್ಡ್ ಮೇವೆದರ್ ಹೆಸರು ಬರುತ್ತದೆ. 50 ಪಂದ್ಯ, 50 ಗೆಲುವು. ಅದರ ಮುಂದೆ ವಾದ ಹೂಡುವವರು ಕಡಿಮೆ. ಎಡಗೈಯನ್ನು ಹೊಟ್ಟೆಗೆ ಅಡ್ಡವಾಗಿ ಇಳಿಬಿಟ್ಟು, ಎಡಭುಜವನ್ನು ಗಲ್ಲದವರೆಗೆ ಎತ್ತಿ, ಬಂದ ಹೊಡೆತ ಭುಜದ ಮೇಲೆ ಜಾರಿಹೋಗುವಂತೆ ಸೊಂಟ ತಿರುಗಿಸುವ ಶೋಲ್ಡರ್ ರೋಲ್ ಭಂಗಿಯನ್ನು ಈಗ ನಮ್ಮ ಬೆಂಗಳೂರಿನ ಜಿಮ್‌ಗಳಲ್ಲೂ ಗ್ಲೌಸು ತೊಟ್ಟು ತಿಂಗಳು ತುಂಬದ ಹುಡುಗರು ಕನ್ನಡಿ ಮುಂದೆ ಅಭ್ಯಾಸ ಮಾಡುತ್ತಾರೆ. ಕೋಚ್‌ಗಳು ತಡೆಯುವುದಿಲ್ಲ. ಬಾಕ್ಸಿಂಗ್ ಬಗ್ಗೆ ಬರೆಯುವವರಂತೂ ಆ ಭಂಗಿಯನ್ನೇ ರಕ್ಷಣೆಯ ಕೊನೆಯ ಮಾತೆಂದು ಒಪ್ಪಿ ಕುಳಿತಿದ್ದಾರೆ.

ಮೇವೆದರ್ ಬಹು ದೊಡ್ಡ ಆಟಗಾರ. ನನ್ನ ತಕರಾರು ಅವನನ್ನು ಪಠ್ಯಪುಸ್ತಕ ಮಾಡಿಕೊಂಡವರ ಮೇಲೆ. ತಪ್ಪಿಸಿಕೊಂಡು ತಿರುಗಿ ಹೊಡೆಯುವ ವಿದ್ಯೆಯನ್ನು, ಅಂದರೆ ಕೌಂಟರ್‌ಪಂಚ್ ಅನ್ನು ಕಲಿಯಬೇಕಾದವರು ನೋಡಬೇಕಾದದ್ದು ಮೆಕ್ಸಿಕೊ ನಗರದ ಹ್ವಾನ್ ಮಾನ್ಯುಯೆಲ್ ಮಾರ್ಕ್ವೆಜ್‌ನನ್ನು. ಬಹುಪಾಲು ಜನರಿಗೆ ಅವನು ನೆನಪಿರುವುದು ಒಂದೇ ಒಂದು ಹೊಡೆತದಿಂದ. ಆ ಒಂದನ್ನೂ ಅದೃಷ್ಟದ ಖಾತೆಗೆ ಬರೆದುಬಿಟ್ಟಿದ್ದಾರೆ.

2012ರ ಡಿಸೆಂಬರ್ 8, ಲಾಸ್ ವೇಗಸ್. ಮ್ಯಾನಿ ಪಕಿಯಾವ್ ಜೊತೆ ನಾಲ್ಕನೇ ಪಂದ್ಯ, ಆರನೇ ಸುತ್ತು. ಐದನೇ ಸುತ್ತಿನಲ್ಲಿ ಮಾರ್ಕ್ವೆಜ್ ಒಮ್ಮೆ ನೆಲಕ್ಕೆ ಬಿದ್ದು ಎದ್ದಿದ್ದ. ಮೂಗಿನಿಂದ ರಕ್ತ ಸುರಿಯುತ್ತಿತ್ತು. ಮೂವರು ತೀರ್ಪುಗಾರರ ಪಟ್ಟಿಯಲ್ಲೂ ಪಕಿಯಾವ್ 47-46ರಿಂದ ಮುಂದಿದ್ದ. ಸುತ್ತು ಮುಗಿಯುವ ಹೊತ್ತಿಗೆ ಪಕಿಯಾವ್ ಒಂದು ಜ್ಯಾಬ್ (ಮುಂದಿನ ಕೈಯ ಚುಟುಕು ನೇರ ಹೊಡೆತ) ತೋರಿಸಿದ, ಇನ್ನೊಂದರ ಜೊತೆಗೆ ಒಳಗೆ ನುಗ್ಗಿದ. ಹಗ್ಗದ ಬಳಿ ನಿಂತಿದ್ದ ಮಾರ್ಕ್ವೆಜ್ ಹಿಂದೆ ಸರಿಯಲಿಲ್ಲ. ತಲೆಯನ್ನು ತುಸು ತಗ್ಗಿಸಿ ಜ್ಯಾಬ್ ಬರುವ ದಾರಿಯಿಂದ ಪಕ್ಕಕ್ಕೆ ಒಯ್ದ, ಅದೇ ಚಲನೆಯಲ್ಲಿ ಬಲಗೈ ಬಿಟ್ಟ. ತೋಳು ಪೂರ್ತಿ ಚಾಚಿದ ಹೊಡೆತವೂ ಅಲ್ಲ ಅದು, ಮೋಟು ಹೊಡೆತ. ಪಕಿಯಾವ್ ಮುಖ ಅಡಿಯಾಗಿ ಬಿದ್ದ. ಗಡಿಯಾರ ತೋರಿಸುತ್ತಿದ್ದದ್ದು 2 ನಿಮಿಷ 59 ಸೆಕೆಂಡು.

ಆ ಕ್ಷಣವನ್ನು ನಿಧಾನಗತಿಯಲ್ಲಿ ನೋಡಿದವರು ಮುಷ್ಟಿಯನ್ನು ನೋಡುತ್ತಾರೆ. ನೋಡಬೇಕಾದದ್ದು ತಲೆ ಮತ್ತು ಸೊಂಟ. ಪಕಿಯಾವ್ ಸೌತ್‌ಪಾ, ಬಲಗಾಲು ಮುಂದು, ಬಲಗೈಯಲ್ಲಿ ಜ್ಯಾಬ್, ಎಡಗೈಯಲ್ಲಿ ಬಲವಾದ ನೇರ ಹೊಡೆತ. ಎಡಗಾಲು ಮುಂದಿಟ್ಟು ನಿಲ್ಲುವ ಮಾರ್ಕ್ವೆಜ್‌ನಂಥವನ ಎದುರು ಅವನು ನಿಂತಾಗ ಇಬ್ಬರ ಮುಂಗಾಲುಗಳೂ ಒಂದೇ ಸಾಲಿಗೆ ಬರುತ್ತವೆ, ಮಾರ್ಕ್ವೆಜ್‌ನ ಬಲಗೈಗೆ ಎದುರಾಳಿಯ ಗಲ್ಲದವರೆಗೆ ನೇರ ದಾರಿ ಸಿಗುತ್ತದೆ. ಆದರೆ ಅದೇ ದಾರಿಯಲ್ಲಿ ಪಕಿಯಾವ್‌ನ ಎಡಗೈಯೂ ಬರುತ್ತದೆ. ಆದ್ದರಿಂದ ಇಲ್ಲಿ ಎಲ್ಲವೂ ಯಾರು ಯಾವಾಗ ಹೊರಡುತ್ತಾರೆ ಎಂಬುದರ ಮೇಲೆ ನಿಂತಿದೆ. ಎಡಗೈ ಹೊರಟ ಮೇಲೆ ಉತ್ತರ ಕೊಡಲು ಹೋದರೆ ತಡವಾಯಿತು. ಮಾರ್ಕ್ವೆಜ್ ಉತ್ತರ ಕೊಟ್ಟದ್ದು ಎಡಗೈಗೆ ಮುಂಚೆ ಬರುವ ಜ್ಯಾಬ್‌ಗೆ. ಜ್ಯಾಬ್‌ನೊಂದಿಗೆ ಪಕಿಯಾವ್‌ನ ಇಡೀ ಮೈ ಮುಂದಕ್ಕೆ ಬರುತ್ತದೆ, ಹಾಗೆ ಬರುವಾಗ ಅವನಿಗೆ ಹಿಂದೆ ಸರಿಯುವ ಉಪಾಯವಿಲ್ಲ ಎಂಬುದು ಮಾರ್ಕ್ವೆಜ್‌ಗೆ ಗೊತ್ತಿತ್ತು. ತಲೆ ಪಕ್ಕಕ್ಕೆ ಹೋದದ್ದು ತಪ್ಪಿಸಿಕೊಳ್ಳುವುದಕ್ಕೆ. ಅದೇ ತಿರುವಿನಲ್ಲಿ ತೂಕ ಹಿಂಗಾಲಿನಿಂದ ಮುಂಗಾಲಿಗೆ ದಾಟಿ ಬಲಗೈಗೆ ಬಲ ತುಂಬಿತು. ಎದುರಾಳಿಯ ವೇಗವೂ ಅದಕ್ಕೆ ಸೇರಿಕೊಂಡಿತು. ರಕ್ಷಣೆ ಎಲ್ಲಿ ಮುಗಿದು ಆಕ್ರಮಣ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಅಲ್ಲಿ ಸಾಧ್ಯವಿಲ್ಲ.

ಅದಕ್ಕೂ ಮೊದಲು ಮೂರನೇ ಸುತ್ತಿನಲ್ಲಿ ನಡೆದದ್ದನ್ನು ಸೇರಿಸಿ ನೋಡಬೇಕು. ಆರಂಭದಿಂದಲೂ ಮಾರ್ಕ್ವೆಜ್ ಹೊಟ್ಟೆಗೆ ಎಡಗೈ ಬಿಡುತ್ತಾ ಬಂದಿದ್ದ. ಮೂರನೇ ಸುತ್ತಿನಲ್ಲಿ ಅದೇ ಎಡಗೈಯನ್ನು ತೋರಿಸಿದ, ಪಕಿಯಾವ್‌ನ ಗಮನ ಕೆಳಗೆ ಹೋಯಿತು, ತಲೆಯ ಮೇಲಿನಿಂದ ಸುತ್ತಿ ಬಂದ ಬಲಗೈ ಅವನನ್ನು ಕೆಡವಿತು. ನಾಲ್ಕು ಪಂದ್ಯಗಳಲ್ಲಿ ಮಾರ್ಕ್ವೆಜ್ ಅವನನ್ನು ಕೆಡವಿದ್ದು ಅದೇ ಮೊದಲು. ಒಂದೇ ಬಲಗೈ ಎರಡು ಬೇರೆ ದಾರಿಯಲ್ಲಿ, ಎರಡು ಬೇರೆ ಕಾರಣಕ್ಕೆ ಬಂದು ತಾಗಿದ ಮೇಲೂ ಅದೃಷ್ಟ ಎನ್ನುವವರಿಗೆ ಮೂರನೇ ಸುತ್ತು ಕಣ್ಣಿಗೇ ಬಿದ್ದಿಲ್ಲ.

ಈ ಅದೃಷ್ಟವಾದಿಗಳ ಗುಂಪು ಸಣ್ಣದಲ್ಲ. ಅವರ ಮೊದಲ ಸಾಕ್ಷಿ 2004ರ ಮೇ ತಿಂಗಳಲ್ಲಿ ಪಕಿಯಾವ್ ಜೊತೆ ನಡೆದ ಮೊದಲ ಪಂದ್ಯ. ಮೊದಲ ಸುತ್ತಿನಲ್ಲೇ ಮೂರು ಸಲ ನೆಲಕ್ಕೆ ಬಿದ್ದವನನ್ನು ರಕ್ಷಣೆಯ ಗುರು ಎನ್ನುವುದು ಹೇಗೆ ಎಂದು ಕೇಳುತ್ತಾರೆ. ನಾನು ಅದೇ ಪಂದ್ಯವನ್ನು ನನ್ನ ಸಾಕ್ಷಿಯಾಗಿ ಕರೆಯುತ್ತೇನೆ. ಮೂರೂ ಸಲ ಕೆಡವಿದ್ದು ಎಡಗೈ. ಎರಡನೇ ಸುತ್ತಿನಿಂದ ಮಾರ್ಕ್ವೆಜ್ ಆ ಎಡಗೈಯ ದೂರವನ್ನೂ ಲಯವನ್ನೂ ಅಳೆಯಲು ಶುರು ಮಾಡಿದ: ಅರ್ಧ ಹೆಜ್ಜೆ ಹಿಂದಕ್ಕೆ, ಹೊಡೆತ ಮುಗಿದು ಕೈ ವಾಪಸಾಗುವ ಮೊದಲೇ ಬಲಗೈ, ಅದರ ಬೆನ್ನಿಗೆ ಎಡ ಹುಕ್. ಹನ್ನೆರಡನೇ ಸುತ್ತು ಮುಗಿದಾಗ ಒಬ್ಬ ತೀರ್ಪುಗಾರ ಮಾರ್ಕ್ವೆಜ್‌ಗೆ 115-110, ಇನ್ನೊಬ್ಬ ಪಕಿಯಾವ್‌ಗೆ 115-110, ಮೂರನೆಯವನು 113-113 ಕೊಟ್ಟು ಪಂದ್ಯ ಡ್ರಾ ಆಯಿತು. ಮೂರನೆಯ ತೀರ್ಪುಗಾರ ಮೊದಲ ಸುತ್ತಿಗೆ 10-6 ಬರೆಯಬೇಕಾದಲ್ಲಿ 10-7 ಬರೆದದ್ದು ತಪ್ಪೆಂದು ಆಮೇಲೆ ಒಪ್ಪಿಕೊಂಡ. ಸರಿಯಾಗಿ ಬರೆದಿದ್ದರೆ ಪಕಿಯಾವ್ ಗೆಲ್ಲುತ್ತಿದ್ದ. ಗೆಲುವು ಯಾರದು ಎಂಬುದು ಇಲ್ಲಿ ನನಗೆ ಮುಖ್ಯವಲ್ಲ. ಮೂರು ನಿಮಿಷದಲ್ಲಿ ತಿಂದ ಪೆಟ್ಟನ್ನು ಮೂವತ್ತಮೂರು ನಿಮಿಷದಲ್ಲಿ ಪಾಠವಾಗಿಸಿಕೊಂಡದ್ದು ಮುಖ್ಯ. ನಮ್ಮ ಗರಡಿಗಳಲ್ಲಿ ಪಟ್ಟಿನ ಜೊತೆಗೇ ಅದರ ಪ್ರತಿಪಟ್ಟನ್ನೂ ಹೇಳಿಕೊಡುತ್ತಿದ್ದಂತೆ, ಈ ಇಬ್ಬರು ಎಂಟು ವರ್ಷಗಳಲ್ಲಿ ಆಡಿದ 42 ಸುತ್ತುಗಳಲ್ಲಿ ಪರಸ್ಪರರಿಗೆ ಪಾಠ ಹೇಳಿದರು. ಪಕಿಯಾವ್ ಬಲಗೈಯನ್ನೂ ಬೆಳೆಸಿಕೊಂಡು ಬಂದ. ಕೊನೆಗೆ ಮಾರ್ಕ್ವೆಜ್‌ಗೆ ಅವನನ್ನು ಹಿಡಿಯಲು ಸಿಕ್ಕಿದ್ದು ಆ ಬಲಗೈಯ ಜ್ಯಾಬೇ.

ಎರಡನೇ ಸಾಕ್ಷಿ ಹೆಚ್ಚು ಬಲವಾದದ್ದು. 2009ರ ಸೆಪ್ಟೆಂಬರ್ 19ರಂದು ಮೇವೆದರ್ ಎದುರು ಮಾರ್ಕ್ವೆಜ್ 583 ಹೊಡೆತ ಎಸೆದು ತಾಗಿಸಿದ್ದು 69. ಎರಡನೇ ಸುತ್ತಿನಲ್ಲಿ ನೆಲಕ್ಕೂ ಬಿದ್ದ. ಒಬ್ಬ ತೀರ್ಪುಗಾರ ಅವನಿಗೆ ಒಂದು ಸುತ್ತನ್ನೂ ಕೊಡಲಿಲ್ಲ. ಮಾರ್ಕ್ವೆಜ್ ಕೆಳಗಿನ ತೂಕದಿಂದ ಮೇಲೇರಿ ಬಂದಿದ್ದ. ಮೇವೆದರ್ ಒಪ್ಪಂದದ 144 ಪೌಂಡ್ ಮೀರಿ 146 ತೂಗಿ 6 ಲಕ್ಷ ಡಾಲರ್ ದಂಡ ತೆತ್ತ. ಅದನ್ನು ಲೆಕ್ಕಕ್ಕೆ ಹಿಡಿದರೂ ಆ ರಾತ್ರಿ ಮೇವೆದರ್ ಎಲ್ಲ ರೀತಿಯಲ್ಲೂ ಮೇಲಾಗಿದ್ದ. ಆದರೆ ಯಾರು ಯಾರನ್ನು ಗೆದ್ದರು ಎಂಬುದಕ್ಕೂ ಯಾರಿಂದ ಕಲಿಯಬಹುದು ಎಂಬುದಕ್ಕೂ ನೇರ ಸಂಬಂಧವಿಲ್ಲ. ಇದನ್ನು ಕ್ರಿಕೆಟ್, ಸಂಗೀತ, ಕಾವ್ಯ ಎಲ್ಲದರಲ್ಲೂ ಒಪ್ಪುವ ನಮ್ಮ ವಿಮರ್ಶಕರು ಬಾಕ್ಸಿಂಗ್‌ನಲ್ಲಿ ಮಾತ್ರ ಸ್ಕೋರ್‌ಕಾರ್ಡನ್ನೇ ಪ್ರಮಾಣವಾಗಿ ಹಿಡಿಯುತ್ತಾರೆ.

ಶೋಲ್ಡರ್ ರೋಲ್ ಕಲಿಯುವವನಿಗೆ ಬರುವ ತೊಂದರೆ ಇದು. ಮೇವೆದರ್ ಅದನ್ನು ತಂದೆ ಮತ್ತು ಚಿಕ್ಕಪ್ಪನ ಕೈಯಲ್ಲಿ ಬಾಲ್ಯದಿಂದ ಪಡೆದ, ಅಪರೂಪದ ಕಣ್ಣು-ಕಾಲಿನ ಚುರುಕು ಅದರ ಬೆನ್ನಿಗಿತ್ತು. ಆ ಚುರುಕಿಲ್ಲದವನು ಎಡಗೈ ಕೆಳಗಿಟ್ಟು ನಿಂತರೆ ಮುಖ ತೆರೆದಿಟ್ಟಂತೆ. ಸೌತ್‌ಪಾ ಎದುರು ನಿಂತಾಗ ಅವನ ಎಡಗೈ ಭುಜದ ಆಸರೆ ಇಲ್ಲದ ಕಡೆಯಿಂದ ಬರುತ್ತದೆ. 2015ರಲ್ಲಿ ಪಕಿಯಾವ್ ಎದುರು ಮೇವೆದರ್ ಸ್ವತಃ ದೂರ ಕಾಯ್ದುಕೊಂಡು, ನೇರ ಬಲಗೈಯನ್ನು ನೆಚ್ಚಿದ. 2014ರ ಮೇ ತಿಂಗಳಲ್ಲಿ ಮಾರ್ಕೋಸ್ ಮೈದಾನಾ ಅವನನ್ನು ಹಗ್ಗಕ್ಕೊತ್ತಿ ತಲೆಯ ಮೇಲಿನಿಂದ ಬಲಗೈ ಸುರಿದಾಗ ಆ ಭುಜ ಎಲ್ಲವನ್ನೂ ತಡೆಯಲಿಲ್ಲ. ಒಬ್ಬ ತೀರ್ಪುಗಾರ ಪಂದ್ಯ ಸಮ ಎಂದ. ಮಾರ್ಕ್ವೆಜ್‌ನ ಗುರು ನಾಚೊ ಬೆರಿಸ್ಟೈನ್, ಸೋಲನ್ನೇ ಕಾಣದ ರಿಕಾರ್ಡೊ ಲೋಪೆಜ್‌ನನ್ನು ತಯಾರು ಮಾಡಿದವನು, ಕಲಿಸಿದ್ದು ಸಾಧಾರಣ ಮೈಯವನೂ ಅಭ್ಯಾಸದಿಂದ ಹತ್ತಿರ ಹೋಗಬಹುದಾದ ಸಂಗತಿಗಳನ್ನು: ಎತ್ತಿದ ಕೈಗಳು, ಅರ್ಧ ಹೆಜ್ಜೆ, ಒಂದರ ಬದಲು ಮೂರು-ನಾಲ್ಕು ನೇರ ಉತ್ತರಗಳು.

ಈ ಕೊನೆಯದು ನಮ್ಮ ದೇಶಕ್ಕೆ ಮುಖ್ಯ. 1992ರ ಬಾರ್ಸಿಲೋನಾದಿಂದ 2012ರ ಲಂಡನ್‌ವರೆಗಿನ ಒಲಿಂಪಿಕ್ಸ್‌ಗಳಲ್ಲಿ ತೀರ್ಪುಗಾರರು ಗುಂಡಿ ಒತ್ತಿ ಅಂಕ ಎಣಿಸುವ ಪದ್ಧತಿ ಇತ್ತು. ಒಂದು ಶುದ್ಧ ಹೊಡೆತ ತಾಗಿಸಿ ಓಡಿದರೆ ಅಂಕ ಬಂತು. ಅದರ ಬೆನ್ನಿಗೆ ಹೊಡೆತಗಳ ಸರಣಿ ಕಟ್ಟಿದವನಿಗೆ ತಕ್ಕ ಫಲವಿಲ್ಲ. ನಮ್ಮ ಇಂದಿನ ಅನೇಕ ಕೋಚ್‌ಗಳು ಆ ಕಾಲದಲ್ಲಿ ಆಡಿ ಬೆಳೆದವರು. 2013ರಲ್ಲಿ ಪದ್ಧತಿ ಬದಲಾಗಿ ಇಡೀ ಸುತ್ತನ್ನು ನೋಡಿ ಅಂಕ ಕೊಡುವುದು ಬಂತು, ಆದರೆ ಮುಟ್ಟಿ ಓಡುವ ಚಾಳಿ ಪೂರ್ತಿ ಹೋಗಿಲ್ಲ. ಅದರ ಮೇಲೆ ಮೇವೆದರ್‌ನ ಭಂಗಿ ಹೇರಿದರೆ ಹುಡುಗರಿಗೆ ಉಳಿಯುವುದು ತಪ್ಪಿಸಿಕೊಳ್ಳುವುದೊಂದೇ.

2012ರಲ್ಲಿ ಮಾರ್ಕ್ವೆಜ್‌ನ ಮೈಕಟ್ಟು ನೋಡಿ, ಅವನ ಫಿಟ್‌ನೆಸ್ ತರಬೇತುದಾರನ ಹಿಂದಿನ ಇತಿಹಾಸ ತೆಗೆದು ಉದ್ದೀಪನ ಮದ್ದಿನ ಅನುಮಾನ ಪಟ್ಟವರೂ ಇದ್ದಾರೆ. ಅವನು ಯಾವ ಮದ್ದಿನ ಪರೀಕ್ಷೆಯಲ್ಲೂ ಸಿಕ್ಕಿಬಿದ್ದಿಲ್ಲ. ಮದ್ದು ತೋಳಿಗೆ ಬಲ ತರಬಹುದು, ಯಾವ ಜ್ಯಾಬ್‌ಗೆ ಯಾವಾಗ ತಲೆ ತಗ್ಗಿಸಬೇಕೆಂದು ಕಲಿಸಲಾರದು.

ಕೌಂಟರ್‌ಪಂಚ್ ಕಲಿಸುವ ಕೋಚ್‌ಗಳಲ್ಲಿ ನನ್ನ ಕೋರಿಕೆ ಒಂದೇ. 2012ರ ಆ ಕೊನೆಯ ಸೆಕೆಂಡನ್ನು ಸದ್ಯಕ್ಕೆ ಬದಿಗಿಡಿ. ಹುಡುಗರನ್ನು ಕೂರಿಸಿ 2004ರ ಪಂದ್ಯವನ್ನು ಮೊದಲ ಸುತ್ತಿನ ಮೂರು ಬೀಳುಗಳ ಸಮೇತ ಹನ್ನೆರಡೂ ಸುತ್ತು ತೋರಿಸಿ, ಪ್ರತಿ ಸುತ್ತು ಮುಗಿದಾಗ ನಿಲ್ಲಿಸಿ ಮಾರ್ಕ್ವೆಜ್ ಏನು ಬದಲಿಸಿದ ಎಂದು ಕೇಳಿ. ಶೋಲ್ಡರ್ ರೋಲ್ ಅನ್ನು ಆಮೇಲೆ, ಬೇಕೆನಿಸಿದವರಿಗೆ ಮಾತ್ರ ಹೇಳಿಕೊಡಿ.